ಒಂದು ಆಪರೇಷನ್ ಆದಮೇಲೆ ಬಿದ್ದ ರಾಹುಲ್, ಇನ್ನೊಂದಾದಮೇಲೆ ಎದ್ದಿದ್ದು ಹೇಗೆ?

ಗುಮ್ಮಟನಗರಿ ಓಪನರ್

ಗಾಯ ಆದಮೇಲೆ ಫಾರ್ಮ್ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಕೆ.ಎಲ್. ರಾಹುಲ್ ವಿಷಯದಲ್ಲಿ ಮಾತ್ರ ಈ ಲೆಕ್ಕ ನನಗೆ ಕೂಡಿ ಬರುತ್ತಿಲ್ಲ.

ಮೊದಲನೇ ಕಥೆ ನೋಡಿ. 2022ರ ಐಪಿಎಲ್‌ನಲ್ಲಿ 616 ರನ್ ಹೊಡೆದಿದ್ದರು. ಜೂನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟಿ20 ಸರಣಿಗೆ ಅವರೇ ಕ್ಯಾಪ್ಟನ್. ಸರಣಿಯ ಮುನ್ನಾದಿನ ತೊಡೆಸಂದಿನ ನೋವು ಅಂತ ಹೊರಗುಳಿದರು. ಜರ್ಮನಿಗೆ ಹೋಗಿ ಸ್ಪೋರ್ಟ್ಸ್ ಹರ್ನಿಯಾ ಆಪರೇಷನ್ ಮಾಡಿಸಿಕೊಂಡರು. ಚೇತರಿಸಿಕೊಳ್ಳುವಾಗಲೇ ಕೋವಿಡ್ ಬಂತು. ಆಗಸ್ಟ್‌ನಲ್ಲಿ ತಂಡಕ್ಕೆ ವಾಪಸ್. ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ನಸೀಮ್ ಶಾ ಎದುರು ಸೊನ್ನೆ. ಟಿ20 ವಿಶ್ವಕಪ್‌ನ 6 ಪಂದ್ಯಗಳಲ್ಲಿ 128 ರನ್. 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಗಪುರ, ದೆಹಲಿ ಟೆಸ್ಟ್‌ಗಳಲ್ಲಿ 20, 17, 1. ಉಪನಾಯಕನ ಪಟ್ಟ ಹೋಯಿತು. ಇಂದೋರ್ ಟೆಸ್ಟ್‌ಗೆ ಜಾಗವೂ ಹೋಯಿತು, ಗಿಲ್ ಬಂದರು.

ಎರಡನೇ ಕಥೆ. 2023ರ ಮೇ 1, ಲಖನೌದಲ್ಲಿ ಐಪಿಎಲ್ ಪಂದ್ಯ, ರಾಹುಲ್ ಲಖನೌ ತಂಡದಲ್ಲಿ. ಆರ್‌ಸಿಬಿ ಬ್ಯಾಟಿಂಗ್. ಬೌಂಡರಿ ಕಡೆ ಚೆಂಡಿನ ಹಿಂದೆ ಓಡಿದ ರಾಹುಲ್ ಬಲತೊಡೆ ಹಿಡಿದುಕೊಂಡು ಬಿದ್ದರು. ಈ ಸಲ ಇಂಗ್ಲೆಂಡ್‌ನಲ್ಲಿ ಆಪರೇಷನ್. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ತಪ್ಪಿತು. ಸೆಪ್ಟೆಂಬರ್ 10ಕ್ಕೆ ಕೊಲಂಬೊದಲ್ಲಿ ವಾಪಸ್ ಬಂದರು. ಅದೂ ಟಾಸ್‌ಗೆ ಸ್ವಲ್ಪ ಮುಂಚೆ ಶ್ರೇಯಸ್ ಅಯ್ಯರ್ ಬೆನ್ನು ಹಿಡಿದುಕೊಂಡಿದ್ದರಿಂದ ಸಿಕ್ಕ ಜಾಗ. ಎದುರಿಗೆ ಮತ್ತೆ ಪಾಕಿಸ್ತಾನ, ಮತ್ತೆ ನಸೀಮ್ ಶಾ. ಮಳೆ ಬಂದು ಮರುದಿನ ಮುಗಿದ ಆ ಪಂದ್ಯದಲ್ಲಿ ಔಟಾಗದೆ 111. ಕೊಹ್ಲಿ ಜೊತೆ ಮುರಿಯದ 233 ರನ್ ಜೊತೆಯಾಟ. ಮುಂದೆ ವಿಶ್ವಕಪ್‌ನಲ್ಲಿ 452 ರನ್.

ದೇಹ ಅದೇ, ಮನುಷ್ಯ ಅದೇ. ಒಂದು ಆಪರೇಷನ್ ಆದಮೇಲೆ ಟೀಮಿನಿಂದಲೇ ಹೋದರು, ಇನ್ನೊಂದು ಆದಮೇಲೆ ತಂಡಕ್ಕೆ ಬೇಕೇಬೇಕಾದರು. ನನ್ನ ಪ್ರಕಾರ ಮೊದಲ ಸಲ ಅವಸರ ಮಾಡಿದರು, ಎರಡನೇ ಸಲ ಕಾದರು. ನಿಮಗೆ ಏನನ್ನಿಸುತ್ತೆ?

ಆರ್‌ಸಿಬಿ ಹುಡುಗ

ಫಾರ್ಮ್ ಬರುತ್ತೆ ಹೋಗುತ್ತೆ ಅಣ್ಣಾ, ಕ್ಲಾಸ್ ಇದ್ದೇ ಇರುತ್ತೆ. ಇದರಲ್ಲಿ ಚರ್ಚೆ ಮಾಡೋದೇನಿದೆ?

ಸ್ಕೋರ್‌ಬುಕ್

ತಮ್ಮಾ, ಆ ಮಾತು ಟೀ ಶರ್ಟ್ ಮೇಲೆ ಚೆನ್ನಾಗಿ ಕಾಣುತ್ತೆ.

ಓಪನರ್ ಅವರೇ, ನಿಮ್ಮ ಪಟ್ಟಿಯಲ್ಲಿ ಮೂರು ಇನಿಂಗ್ಸ್ ಬಿಟ್ಟುಹೋಗಿವೆ. ಅವು ಸೇರಿದರೆ ಕಥೆಯೇ ಬದಲಾಗುತ್ತೆ.

2022ರ ಡಿಸೆಂಬರ್ 4, ಮೀರ್‌ಪುರ. ಬಾಂಗ್ಲಾದೇಶ ವಿರುದ್ಧ ಏಕದಿನ ಪಂದ್ಯ. ಇಡೀ ತಂಡ 186ಕ್ಕೆ ಔಟ್, ಅದರಲ್ಲಿ ರಾಹುಲ್ ಒಬ್ಬರದೇ 73. 2023ರ ಜನವರಿ 12, ಈಡನ್ ಗಾರ್ಡನ್ಸ್. ಶ್ರೀಲಂಕಾ ಕೊಟ್ಟ 216 ಗುರಿ ಬೆನ್ನು ಹತ್ತಿದಾಗ ಔಟಾಗದೆ 64. 2023ರ ಮಾರ್ಚ್ 17, ವಾಂಖೆಡೆ. ಆಸ್ಟ್ರೇಲಿಯಾ ಎದುರು 189 ಗುರಿ, ಸ್ಟಾರ್ಕ್ ಹೊಸ ಚೆಂಡು ಸ್ವಿಂಗ್ ಮಾಡುತ್ತಿದ್ದಾರೆ, 39ಕ್ಕೆ 4 ವಿಕೆಟ್ ಹೋಗಿವೆ. ಔಟಾಗದೆ 75, ಗೆಲುವು.

ಮೂರೂ ಐದನೇ ಕ್ರಮಾಂಕದಲ್ಲಿ. ಮೂರೂ ಮೊದಲ ಆಪರೇಷನ್ ಆದಮೇಲೆ, ಎರಡನೆಯದಕ್ಕೂ ಮುಂಚೆ. ವಾಂಖೆಡೆಯದಂತೂ ಟೆಸ್ಟ್ ತಂಡದಿಂದ ಕೈಬಿಟ್ಟ ಅದೇ ತಿಂಗಳಲ್ಲಿ. ನಡುವೆ ಸಣ್ಣ ಸ್ಕೋರುಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಗಾಯದಿಂದ ಫಾರ್ಮ್ ಹೋಗಿದ್ದರೆ ಏಕದಿನದಲ್ಲೂ ಹೋಗಬೇಕಿತ್ತು ಅಲ್ವಾ? ಕಳೆದುಹೋಗಿದ್ದು ಇನಿಂಗ್ಸ್ ಶುರು ಮಾಡುವ ಓಪನರ್ ರಾಹುಲ್ ಮಾತ್ರ. ಐದನೇ ನಂಬರ್ ರಾಹುಲ್ ಅಷ್ಟೂ ದಿನ ಅಲ್ಲೇ ಇದ್ದರು. ನಾವು ನೋಡಲಿಲ್ಲ ಅಷ್ಟೇ.

ತಿಕೋಟಾ ದ್ರಾಕ್ಷಿ

ಎಲ್ಲಾ ಗಾಯದ ತಲೆಗೆ ಕಟ್ಟಬೇಡ್ರಿ. ಟಿ20ಯಲ್ಲಿ ಮೊದಲ ಆರು ಓವರ್‌ಗಳ ಪವರ್‌ಪ್ಲೇನಲ್ಲೇ ಬ್ರೇಕ್ ಹಾಕಿ ಆಡುವ ಚಾಳಿ ಆಪರೇಷನ್‌ಗೂ ಮುಂಚೆಯೇ ಇತ್ತು. 2022ರ ಐಪಿಎಲ್‌ನಲ್ಲಿ 616 ಹೊಡೆದರು ಸರಿ, ಎಲಿಮಿನೇಟರ್‌ನಲ್ಲಿ ಆರ್‌ಸಿಬಿ ವಿರುದ್ಧ ಏನಾಯಿತು? 79 ಹೊಡೆದರೂ ಪಂದ್ಯ ಸೋತರು. ನಿಧಾನ ಆಡಿದರು ಅಂತ ಅವತ್ತೇ ಬೈದಿದ್ದೆವು. ನಮ್ಮ ರಾಜ್ಯದವನು ಅಂದ ಕೂಡಲೇ ಕಾರಣ ಹುಡುಕೋದು ಬಿಡಿ. ವೆಂಕಟೇಶ್ ಪ್ರಸಾದ್ ಕೂಡ ಕನ್ನಡಿಗರೇ. ಅವರೇ ಟ್ವಿಟರ್‌ನಲ್ಲಿ ಸಾಲು ಸಾಲಾಗಿ ಬರೆದು ತರಾಟೆಗೆ ತೆಗೆದುಕೊಂಡರಲ್ಲ.

ಆರ್‌ಸಿಬಿ ಹುಡುಗ

ಆ ಎಲಿಮಿನೇಟರ್ ನೆನಪಿಸಿದ್ದಕ್ಕೆ ದ್ರಾಕ್ಷಿ ಕಾಕಾಗೆ ಧನ್ಯವಾದ. ರಜತ್ ಪಾಟಿದಾರ್ 112. ಆಹಾ.

ಸೊಲ್ಲಾಪುರ ರಸ್ತೆ ಫಿಜಿಯೋ

ನನ್ನ ಕೆಲಸವೇ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ರಾಹುಲ್ ಅವರ ರಿಪೋರ್ಟ್ ನಾನು ನೋಡಿಲ್ಲ, ಈ ತರಹದ ಗಾಯಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಸ್ಪೋರ್ಟ್ಸ್ ಹರ್ನಿಯಾ ಅಂದರೆ ನಮ್ಮ ಊರಲ್ಲಿ ಹಿರಿಯರಿಗೆ ಆಗುವ ಹರ್ನಿಯಾ ಅಲ್ಲ. ಗಂಟು ಹೊರಗೆ ಕಾಣಲ್ಲ. ಕೆಳಹೊಟ್ಟೆ ಮತ್ತು ತೊಡೆಸಂದು ಸೇರುವ ಕಡೆ ಸ್ನಾಯು ಅಥವಾ ಅದರ ನಾರು ಹರಿದಿರುತ್ತೆ. ಸುಮ್ನೆ ಕೂತರೆ ನೋವಿಲ್ಲ. ತಟ್ಟನೆ ಓಡಿದರೆ, ಸೊಂಟ ತಿರುಗಿಸಿದರೆ ಚುಚ್ಚುತ್ತೆ. ಬ್ಯಾಟ್ಸ್‌ಮನ್ ಮಾಡುವ ಕೆಲಸ ಏನು? ಇಡೀ ದಿನ ಸೊಂಟ ತಿರುಗಿಸುವುದೇ. ಡ್ರೈವ್‌ನ ಶಕ್ತಿ ಕೈಯಿಂದ ಬರುತ್ತೆ ಅಂತ ಜನ ಅಂದುಕೊಂಡಿದ್ದಾರೆ. ಅದು ನೆಲದಿಂದ ಶುರುವಾಗಿ ಕಾಲು, ಸೊಂಟ ದಾಟಿ ಕೊನೆಗೆ ಕೈಗೆ ಬರುತ್ತೆ.

ಎರಡನೆಯದು ತೊಡೆಯ ಟೆಂಡನ್. ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ ಅದು. ಅಲ್ಲಿ ರಕ್ತ ಓಡಾಟ ಕಡಿಮೆ, ಅದಕ್ಕೇ ಸ್ನಾಯುವಿಗಿಂತ ನಿಧಾನವಾಗಿ ಕೂಡುತ್ತೆ. ಅವಸರ ಮಾಡುವ ಹಾಗೇ ಇಲ್ಲ. ಮೊದಲು ನಡಿಗೆ, ಆಮೇಲೆ ಮೆಲ್ಲಗೆ ನೇರ ಓಟ, ಆಮೇಲೆ ಜೋರು ಓಟ, ಆಮೇಲೆ ಓಡುತ್ತಾ ದಿಕ್ಕು ಬದಲಿಸುವುದು, ಕಟ್ಟಕಡೆಗೆ ಪಂದ್ಯದ ಹಾಗೆ ದಣಿದ ಮೇಲೂ ಅದನ್ನೇ ಮಾಡುವುದು. ಒಂದು ಮೆಟ್ಟಿಲು ಹಾರಿದರೆ ವಾಪಸ್ ಕೆಳಗೆ. ಕೀಪಿಂಗ್ ಮಾಡುವವರಿಗಂತೂ ಕುಕ್ಕರಗಾಲಲ್ಲಿ ಕೂತು ಏಳುವುದು ಬೇರೆ ಇದೆ.

ಹೀಗಾಗಿ ಓಪನರ್ ಅವರು ಹೇಳಿದ್ದರಲ್ಲಿ ಅರ್ಧ ನಿಜ. ಗಾಯ ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಷ್ಟು ಕಾಲ ಸಿಕ್ಕಿತು ಅನ್ನೋದು ಮುಖ್ಯ. ದೊಡ್ಡ ಗಾಯಕ್ಕೆ ಎಲ್ಲರೂ ಕಾಯುತ್ತಾರೆ. ಸಣ್ಣದಕ್ಕೆ ಯಾರೂ ಕಾಯಲ್ಲ, ಆಟಗಾರನೂ ಕಾಯಲ್ಲ.

ಇನ್ನೊಂದು. ಯೋ-ಯೋ ಟೆಸ್ಟ್ ಪಾಸಾದರೆ ಫಿಟ್ ಅಂತ ಟಿವಿಯಲ್ಲಿ ಹೇಳ್ತಾರೆ. ಅದು 20 ಮೀಟರ್ ಹೋಗಿ ಬಂದು ಮಾಡುವ ಓಟದ ಪರೀಕ್ಷೆ. 140 ಕಿ.ಮೀ. ವೇಗದ ಚೆಂಡು ಕಾಲಿನ ಹತ್ತಿರ ಬಿದ್ದಾಗ ಆ ಕಾಲು ಮುಂದೆ ಹೋಗುತ್ತಾ ಅಂತ ಅದು ಹೇಳಲ್ಲ.

ಮ್ಯಾಟಿಂಗ್ ಕಾಕಾ

ಫಿಜಿಯೋ ಅಕ್ಕ ಕೊನೆಗೆ ಹೇಳಿದ್ದೇ ನನ್ನ ಮಾತು. ಹುಡುಗರಿಗೆ ಕಲಿಸುವಾಗ ನಾನು ಇದನ್ನೇ ಕಣ್ಣಾರೆ ಕಾಣುತ್ತೇನೆ.

ನೋವು ಹೋಗಿರುತ್ತೆ, ಆದರೆ ಚೆಂಡಿನ ಕಡೆ ಕಾಲು ಪೂರ್ತಿ ಮುಂದೆ ಹೋಗಲ್ಲ. ನಾಲ್ಕು ಬೆರಳು ಕಡಿಮೆ. ಹುಡುಗನಿಗೆ ಗೊತ್ತೇ ಆಗಲ್ಲ. ತಲೆ ಹಿಂದೆ ಉಳಿಯುತ್ತೆ, ಬ್ಯಾಟ್ ಮಾತ್ರ ಮುಂದೆ ಹೋಗುತ್ತೆ. ಸ್ವಿಂಗ್ ಆಗುವ ಹೊಸ ಚೆಂಡಿಗೆ ಆ ನಾಲ್ಕು ಬೆರಳೇ ಸಾಕು, ಎಡ್ಜ್ ಸ್ಲಿಪ್ಪಿಗೆ. ಅದೇ ಹುಡುಗನನ್ನು ಕೆಳಗೆ ಇಳಿಸಿ, ಚೆಂಡು ಹಳೆಯದಾಗಿ ಸ್ಪಿನ್ನರ್ ಬಂದಾಗ ಆಡಿಸಿ, ಯಾವ ತಪ್ಪೂ ಕಾಣಲ್ಲ. ಸ್ಕೋರ್‌ಬುಕ್ ಸಾಹೇಬರು ಹೇಳಿದ ಐದನೇ ನಂಬರಿನ ಗುಟ್ಟು ಇದೇ ಇರಬಹುದು. ಗಾಯ ಬೇರೆ, ಕ್ರಮಾಂಕ ಬೇರೆ ಅಂತ ನೀವಿಬ್ಬರೂ ವಾದ ಮಾಡ್ತಿದ್ದೀರಿ. ಎರಡೂ ಒಂದೇ ಜಾಗದಲ್ಲಿ ಕೂಡುತ್ತವೆ ಅಂತೀನಿ ನಾನು.

ಹಾಗಂತ ಎಲ್ಲದಕ್ಕೂ ಕಾರಣ ಹುಡುಕಬಾರದು. ದೆಹಲಿ ಟೆಸ್ಟ್‌ನ ಎರಡನೇ ಇನಿಂಗ್ಸ್ ನೆನಪಿದೆಯಾ? ಲಯನ್ ಎಸೆತವನ್ನು ಲೆಗ್ ಕಡೆ ತಿರುಗಿಸಿದರು. ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಫೀಲ್ಡರ್‌ಗೆ ಬಡಿದು ಕೀಪರ್ ಕೈಗೆ ಹಾರಿತು. ಔಟ್, 1 ರನ್. ಸ್ಕೋರ್‌ಕಾರ್ಡ್‌ನಲ್ಲಿ ಅದೂ ಫಾರ್ಮ್ ಹೋಗಿದ್ದರ ಲೆಕ್ಕಕ್ಕೇ ಸೇರಿತು. ಚೆನ್ನಾಗಿ ಆಡುವ ದಿನಗಳಲ್ಲಿ ಹೀಗೆ ಔಟಾದರೆ ಯಾರೂ ನೆನಪಿಟ್ಟುಕೊಳ್ಳಲ್ಲ.

ತಿಕೋಟಾ ದ್ರಾಕ್ಷಿ

ಕಾಕಾ, ನಾಲ್ಕು ಬೆರಳಿನ ಲೆಕ್ಕ ಒಪ್ಪೋಣ. ಆದರೆ ಅದನ್ನು ನೋಡೋಕೆ ತಂಡದಲ್ಲಿ ಕೋಚ್‌ಗಳ ದಂಡೇ ಇದೆ. ಅವರಿಗೆ ಕಾಣಲಿಲ್ಲವಾ?

ಮ್ಯಾಟಿಂಗ್ ಕಾಕಾ

ಕಂಡಿರುತ್ತೆ ತಮ್ಮಾ. ಕಂಡ ಕೂಡಲೇ ಸರಿ ಆಗಲ್ಲ. ಅಭ್ಯಾಸಕ್ಕೆ ಹತ್ತಿರದಿಂದ ಎಸೆದುಕೊಡುವ ಥ್ರೋಡೌನ್‌ನಲ್ಲಿ ಎಲ್ಲರ ಕಾಲೂ ಹೋಗುತ್ತೆ. ಮೈದಾನ ತುಂಬಿ ಜನ ಕೂಗುವಾಗ ಹೋಗಬೇಕು.

ಇಂಡಿ ಎಕ್ಸ್‌ಪ್ರೆಸ್

ಬರೀ ಬ್ಯಾಟ್ಸ್‌ಮನ್‌ಗಳ ಬಗ್ಗೆ ಮಾತಾಡ್ತಿದ್ದೀರಿ. ನಾನು ವೇಗದ ಬೌಲರ್ (ನಮ್ಮ ಮೈದಾನದ ಮಟ್ಟಿಗೆ). ಅವಸರಕ್ಕೆ ನಿಜವಾದ ಉದಾಹರಣೆ ಬೇಕಾದರೆ ಬುಮ್ರಾ.

2022ರಲ್ಲಿ ಬೆನ್ನು ನೋವಿಂದ ಏಷ್ಯಾ ಕಪ್ ಆಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡು ಟಿ20 ಆಡಿದರು. ಮತ್ತೆ ಬೆನ್ನು. ವಿಶ್ವಕಪ್ ಹೋಯಿತು. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಆಪರೇಷನ್. ಈ ಸಲ ಐಪಿಎಲ್ ಇಲ್ಲ, ಟೆಸ್ಟ್ ಫೈನಲ್ ಇಲ್ಲ, ಯಾವುದಕ್ಕೂ ಓಡಿ ಬರಲಿಲ್ಲ. ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಕ್ಯಾಪ್ಟನ್ ಆಗಿ ಬಂದರು, ಮೊದಲ ಓವರ್‌ನಲ್ಲೇ ಎರಡು ವಿಕೆಟ್. ಮರುವರ್ಷದ ಟಿ20 ವಿಶ್ವಕಪ್‌ನಲ್ಲಿ 15 ವಿಕೆಟ್, ಟೂರ್ನಿಯ ಆಟಗಾರ.

ಹಾರ್ದಿಕ್ ಪಾಂಡ್ಯ ಕಥೆಯೂ ಸುಮಾರು ಇದೇ. 2019ರಲ್ಲಿ ಲಂಡನ್‌ನಲ್ಲಿ ಬೆನ್ನಿನ ಆಪರೇಷನ್. ಆಮೇಲೆ ತಂಡಕ್ಕೆ ಬಂದರೂ ಬೌಲಿಂಗ್ ಸರಿಯಾಗಿ ಮಾಡೋಕಾಗಲಿಲ್ಲ. 2021ರ ಟಿ20 ವಿಶ್ವಕಪ್‌ನಲ್ಲಿ ಇವನು ಆಲ್‌ರೌಂಡರಾ ಬರೀ ಬ್ಯಾಟ್ಸ್‌ಮನ್ನಾ ಅಂತ ದೇಶವೆಲ್ಲಾ ಜಗಳ. ಆಮೇಲೆ ಸ್ವಲ್ಪ ಕಾಲ ಆಟದಿಂದಲೇ ದೂರ ಉಳಿದರು. 2022ರ ಐಪಿಎಲ್‌ನಲ್ಲಿ ಗುಜರಾತ್‌ಗೆ ಕಪ್ ಗೆದ್ದುಕೊಟ್ಟರು, ಫೈನಲ್‌ನಲ್ಲಿ 17 ರನ್‌ಗೆ 3 ವಿಕೆಟ್.

ಬೌಲರ್‌ಗೆ ಇರುವ ಕಷ್ಟ ಏನೆಂದರೆ ಬಚ್ಚಿಡೋಕಾಗಲ್ಲ. ಬ್ಯಾಟ್ಸ್‌ಮನ್ ಐದನೇ ನಂಬರಿಗೆ ಹೋಗಬಹುದು. ನಾವು ಎಲ್ಲಿಗೆ ಹೋಗೋಣ? ಸ್ಪೀಡ್ ಗನ್ ಪ್ರತಿ ಚೆಂಡಿಗೂ ಹೇಳಿಬಿಡುತ್ತೆ.

ಹಳೇ ರೇಡಿಯೋ

ಬುಮ್ರಾ ಎಲ್ಲಾ ಈಗಿನವರು. ನಮ್ಮವರನ್ನು ಮರೆತಿರಾ?

ಜಾವಗಲ್ ಶ್ರೀನಾಥ್ ಅವರ ಭುಜ 1997ರಲ್ಲಿ ಕೈಕೊಟ್ಟಿತು, ವೆಸ್ಟ್ ಇಂಡೀಸ್ ಪ್ರವಾಸವೇ ತಪ್ಪಿತು. ಇನ್ನು ಮೊದಲಿನ ವೇಗ ಇರಲ್ಲ ಅಂದವರು ಬಹಳ ಜನ. 1999ರಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದರು. ಪಂದ್ಯ ಸೋತೆವು, ಅದು ಬೇರೆ ಸಂಕಟ.

ಅನಿಲ್ ಕುಂಬ್ಳೆ ಅವರದು ಇನ್ನೂ ದೊಡ್ಡ ಕಥೆ. ಭುಜದ ಆಪರೇಷನ್‌ನಿಂದಾಗಿ 2001ರ ಆಸ್ಟ್ರೇಲಿಯಾ ಸರಣಿ ಆಡಲಿಲ್ಲ. ಅದೇ ಸರಣಿಯಲ್ಲಿ ಹರ್ಭಜನ್ 32 ವಿಕೆಟ್ ತೆಗೆದು ಮೊದಲ ಸ್ಪಿನ್ನರ್ ಆಗಿಬಿಟ್ಟರು. ಕುಂಬ್ಳೆ ಮುಗಿದರು, ವಿದೇಶದಲ್ಲಿ ಇನ್ನು ಬೇಡ ಅನ್ನುವ ಮಾತು ಶುರುವಾಯಿತು. 2003ರ ಕೊನೆಗೆ ಆಸ್ಟ್ರೇಲಿಯಾದಲ್ಲಿ ಮೊದಲ ಟೆಸ್ಟ್‌ಗೆ ಹೊರಗೇ ಕೂರಿಸಿದರು. ಹರ್ಭಜನ್ ಬೆರಳು ನೋವಿಂದ ಮನೆಗೆ ಹೋದಮೇಲೆ ಜಾಗ ಸಿಕ್ಕಿತು. ಉಳಿದ ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್. ಸಿಡ್ನಿಯ ಒಂದೇ ಇನಿಂಗ್ಸ್‌ನಲ್ಲಿ 8. ಒಟ್ಟು 619ರಲ್ಲಿ ಎಷ್ಟೊಂದು ವಿಕೆಟ್ ಆಪರೇಷನ್ ಆದಮೇಲೆ ಬಂದವು ಅಂತ ಹುಡುಗರಿಗೆ ಗೊತ್ತಿಲ್ಲ.

ಸಚಿನ್‌ಗೂ ಇದು ತಪ್ಪಲಿಲ್ಲ. ಟೆನಿಸ್ ಎಲ್ಬೋ ಅನ್ನೋ ಮೊಣಕೈ ನೋವು, ಆಮೇಲೆ ಭುಜ. 2006ರಲ್ಲಿ ಅವರ ಸ್ವಂತ ವಾಂಖೆಡೆಯಲ್ಲೇ ಜನ ಗೇಲಿ ಮಾಡಿ ಕಳಿಸಿದರು. ಗಂಡಸರ ಏಕದಿನದ ಮೊದಲ ಇನ್ನೂರು ಅವರ ಬ್ಯಾಟಿನಿಂದಲೇ ಬಂದಿದ್ದು ಆಮೇಲೆ, 2010ರಲ್ಲಿ, ಗ್ವಾಲಿಯರ್‌ನಲ್ಲಿ.

ರಾಜೇಶ್ವರಿ ಫ್ಯಾನ್

ಹಳೇ ರೇಡಿಯೋ ಸರ್, ನಮ್ಮವರು ಅಂದಿರಿ, ನಮ್ಮ ಊರಿನವರನ್ನೇ ಬಿಟ್ಟಿರಿ! ರಾಜೇಶ್ವರಿ ಗಾಯಕವಾಡ ಇದೇ ವಿಜಯಪುರದವರು.

ಅವರದು ಗಾಯದ ಕಥೆ ಅಲ್ಲ, ಆದರೆ ಇಲ್ಲಿ ಹೇಳಬೇಕಾದ್ದು. 2017ರ ವಿಶ್ವಕಪ್‌ನಲ್ಲಿ ಪಂದ್ಯದ ಮೇಲೆ ಪಂದ್ಯ ಹೊರಗೆ ಕೂತಿದ್ದರು. ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಸೋತರೆ ಮನೆಗೆ ಅನ್ನುವ ಪಂದ್ಯದಲ್ಲಿ ಆಡಿಸಿದರು. 15 ರನ್‌ಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಔಟ್, ಭಾರತ ಸೆಮಿಫೈನಲ್‌ಗೆ.

ಪಂದ್ಯ ಆಡದೇ ಇದ್ದರೆ ಲಯ ತಪ್ಪುತ್ತೆ ಅಂತೀರಲ್ಲ, ಹೊರಗೆ ಕೂತಾಗ ಆಟಗಾರ ಏನು ಮಾಡುತ್ತಾನೆ ಅನ್ನೋದರ ಮೇಲೆ ಇದೆ ಎಲ್ಲಾ. ಇನ್ನೊಂದು ವಿಷಯ. ಗಂಡಸರ ತಂಡದವರ ತೊಡೆ ಹಿಡಿದುಕೊಂಡರೆ ದಿನಾ ಸುದ್ದಿ. ಹೆಣ್ಣುಮಕ್ಕಳ ತಂಡದಲ್ಲಿ ಯಾರಿಗೆ ಏನಾಯಿತು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಗುಮ್ಮಟನಗರಿ ಓಪನರ್

ಅಕ್ಕಾ, ಮಾತು ಸರಿ. ಅದಕ್ಕೆ ಬೇರೆ ಚರ್ಚೆಯನ್ನೇ ಶುರು ಮಾಡಿ, ನಾನು ಬರುತ್ತೇನೆ.

ಸ್ಕೋರ್‌ಬುಕ್ ಅವರೇ, ಒಂದು ತಕರಾರು. ಐದನೇ ನಂಬರೇ ಔಷಧಿ ಅಂದರೆ 2025ರ ಇಂಗ್ಲೆಂಡ್ ಪ್ರವಾಸಕ್ಕೆ ಏನಂತೀರಿ? ಅಲ್ಲಿ ಓಪನಿಂಗ್ ಮಾಡಿಯೇ 532 ರನ್. ಲೀಡ್ಸ್‌ನಲ್ಲಿ 137, ಲಾರ್ಡ್ಸ್‌ನಲ್ಲಿ 100. ಚೆನ್ನಾಗಿ ಸ್ವಿಂಗ್ ಆಗುವ ಅಲ್ಲಿನ ಡ್ಯೂಕ್ ಚೆಂಡು, ಅದೂ ಹೊಸ ಚೆಂಡು. ಅದೇ ವರ್ಷ ಚಾಂಪಿಯನ್ಸ್ ಟ್ರೋಫಿಯಲ್ಲಿ ಆರನೇ ನಂಬರ್‌ನಲ್ಲಿ ಇಳಿದು ಸೆಮಿಫೈನಲ್, ಫೈನಲ್ ಎರಡನ್ನೂ ಕೊನೆತನಕ ನಿಂತು ಮುಗಿಸಿದರು.

ಸ್ಕೋರ್‌ಬುಕ್

ಅದು ನನ್ನ ವಾದಕ್ಕೇ ಬಲ. ಎರಡು ವರ್ಷ ಆದಮೇಲೆ ಓಪನರ್ ರಾಹುಲ್ ವಾಪಸ್ ಬಂದರು. ಮೊದಲು ಸುಲಭದ ಜಾಗ, ಆಮೇಲೆ ಕಷ್ಟದ ಜಾಗ. ಫಿಜಿಯೋ ಅಕ್ಕ ಓಟಕ್ಕೆ ಹೇಳಿದ ಮೆಟ್ಟಿಲು ಬ್ಯಾಟಿಂಗ್‌ಗೂ ಇದೆ ಅಂತಾಯಿತು. 2022ರಲ್ಲಿ ಆಪರೇಷನ್ ಆದ ಹುಡುಗನನ್ನು ಸೀದಾ ಓಪನಿಂಗ್‌ಗೆ ಇಳಿಸಿದ್ದರಲ್ಲ, ಅದೇ ತಪ್ಪು ಅಂತೀನಿ.

ತಿಕೋಟಾ ದ್ರಾಕ್ಷಿ

ಐದನೇ ನಂಬರ್ ಸುಲಭದ ಜಾಗವಾ? 2023ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಚೆನ್ನೈನಲ್ಲಿ 2 ರನ್‌ಗೆ 3 ವಿಕೆಟ್ ಬಿದ್ದಾಗ ಇಳಿದು ಔಟಾಗದೆ 97 ಹೊಡೆದರಲ್ಲ, ಆಗ ಹ್ಯಾಜಲ್‌ವುಡ್ ಕೈಯಲ್ಲಿದ್ದದ್ದು ಹಳೇ ಚೆಂಡಾ? ನಾನು ರಾಹುಲ್ ಪರ ಮಾತಾಡುವ ಗತಿ ಬಂತು ನೋಡ್ರಿ.

ಆರ್‌ಸಿಬಿ ಹುಡುಗ

ಗತಿ ಅಲ್ಲ ಕಾಕಾ, ಕ್ಲಾಸ್ 😄

ಬಾಗೇವಾಡಿ ಪಾಲಕ

ಎಲ್ಲರಿಗೂ ನಮಸ್ಕಾರ. ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗನಿಗೆ 15 ವರ್ಷ, ವೇಗದ ಬೌಲರ್. ಬಲಗೈ. ಈಚೆಗೆ ಸೊಂಟದ ಎಡಗಡೆ ನೋವು ಅಂತಿದ್ದಾನೆ. ರಾತ್ರಿ ಎಣ್ಣೆ ಹಚ್ಚಿ ತಿಕ್ಕಿದರೆ ಬೆಳಿಗ್ಗೆ ಕಡಿಮೆ. ಬೌಲಿಂಗ್ ಮಾಡಿದ ದಿನ ಮತ್ತೆ ಬರುತ್ತೆ. ಕಲಿಸುವವರು ಸ್ನಾಯು ಹಿಡಿದಿದೆ, ಓಡಿದರೆ ಬಿಡುತ್ತೆ ಅಂದರು. ಮುಂದಿನ ವಾರ ಟೂರ್ನಿ ಇದೆ. ಆಡಿಸಬಹುದಾ?

ಸೊಲ್ಲಾಪುರ ರಸ್ತೆ ಫಿಜಿಯೋ

ಆಡಿಸಬೇಡಿ ಸರ್. ಮೊದಲು ಮೂಳೆ ಡಾಕ್ಟರ್‌ಗೆ ತೋರಿಸಿ.

ಬಲಗೈ ಬೌಲರ್‌ಗೆ ಎಡಗಡೆ ಸೊಂಟ ನೋಯುವುದು, ಬೌಲಿಂಗ್ ಮಾಡಿದಾಗ ಮಾತ್ರ ಜಾಸ್ತಿಯಾಗುವುದು, ಈ ವಯಸ್ಸು, ಮೂರೂ ಸೇರಿದರೆ ಸುಮ್ನೆ ಬಿಡುವ ಹಾಗಿಲ್ಲ. ಬೆಳೆಯುವ ಮೂಳೆ ಇನ್ನೂ ಗಟ್ಟಿಯಾಗಿರಲ್ಲ. ಚೆಂಡು ಬಿಡುವಾಗ ಬೆನ್ನು ಹಿಂದಕ್ಕೂ ಪಕ್ಕಕ್ಕೂ ಒಟ್ಟಿಗೆ ಬಾಗುತ್ತೆ, ಭಾರವೆಲ್ಲಾ ಬೆನ್ನುಮೂಳೆಯ ಕೆಳಗಿನ ಒಂದು ಕಡೆ ಬೀಳುತ್ತೆ. ಅಲ್ಲಿ ಕೂದಲೆಳೆ ಬಿರುಕು ಬಿಡುವುದೇ ಸ್ಟ್ರೆಸ್ ಫ್ರ್ಯಾಕ್ಚರ್. ಮಗನಿಗೆ ಅದೇ ಆಗಿದೆ ಅಂತ ನಾನು ಇಲ್ಲಿಂದ ಹೇಳಲಾರೆ. ಅಲ್ಲ ಅಂತ ಖಾತ್ರಿ ಆಗುವವರೆಗೆ ಒಂದು ಚೆಂಡೂ ಹಾಕಿಸಬೇಡಿ.

ಶುರುವಿನಲ್ಲಿ ಎಕ್ಸ್‌ರೇನಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ಸರಿ ಇದೆ ಅಂದರೂ ನೋವು ಇದ್ದರೆ ಎಂಆರ್‌ಐ ಬೇಕಾ ಅಂತ ಡಾಕ್ಟರನ್ನು ಕೇಳಿ. ಬೇಗ ಗೊತ್ತಾದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಕೂಡುತ್ತೆ. ತಿಕ್ಕಿ ತಿಕ್ಕಿ ಆಡಿಸಿದರೆ ಬಿರುಕು ದೊಡ್ಡದಾಗುತ್ತೆ. ದಯವಿಟ್ಟು ಸೊಂಟ ಹಿಡಿದು ತಿರುಗಿಸಿ ಲಟಕ್ ಅನ್ನಿಸುವವರ ಹತ್ತಿರ ಕರೆದುಕೊಂಡು ಹೋಗಬೇಡಿ.

ಇಂಡಿ ಎಕ್ಸ್‌ಪ್ರೆಸ್

ಅಣ್ಣಾರ, ಅಕ್ಕನ ಮಾತು ಕೇಳಿ. ನಾನು ಅದೇ ವಯಸ್ಸಿನಲ್ಲಿ ಬೆಳಿಗ್ಗೆ ಲೆದರ್ ಬಾಲ್, ಸಂಜೆ ಟೆನಿಸ್ ಬಾಲ್, ಭಾನುವಾರ ಎರಡೆರಡು ಮ್ಯಾಚ್ ಹಾಕುತ್ತಿದ್ದೆ. ಯಾರೂ ಲೆಕ್ಕ ಇಡಲಿಲ್ಲ. ಈಗ ಚಪ್ಪಲಿ ಹಾಕಿಕೊಳ್ಳಲು ಗೋಡೆ ಹಿಡಿಯಬೇಕು.

ಮ್ಯಾಟಿಂಗ್ ಕಾಕಾ

ಇಲ್ಲಿ ತಪ್ಪು ನಮ್ಮಂಥ ಕಲಿಸುವವರದೂ ಇದೆ, ಮೈದಾನದ್ದೂ ಇದೆ. ನಮ್ಮ ಕಡೆ ಟರ್ಫ್ ಎಲ್ಲಿದೆ? ಸಿಮೆಂಟ್ ಮೇಲೆ ಮ್ಯಾಟ್ ಹಾಸಿ ಆಡಿಸುತ್ತೇವೆ. ಪ್ರತಿ ಚೆಂಡಿಗೂ ಮುಂಗಾಲು ಆ ಗಟ್ಟಿ ನೆಲಕ್ಕೆ ಬಡಿಯುತ್ತೆ. ಏಪ್ರಿಲ್, ಮೇ ಬಿಸಿಲಲ್ಲಿ ಟೂರ್ನಿ ಬೇರೆ, ಹುಡುಗರು ಅರ್ಧ ಬಾಟಲಿ ನೀರಲ್ಲಿ ದಿನ ಕಳೆಯುತ್ತಾರೆ.

ಬುಮ್ರಾ ಒಂದು ವಾರದಲ್ಲಿ ಎಷ್ಟು ಚೆಂಡು ಹಾಕಿದರು ಅಂತ ಬರೆದಿಡುವವರು ಇದ್ದಾರೆ. ನಮ್ಮ ಹುಡುಗನದು ಯಾರೂ ಬರೆಯಲ್ಲ. ಶಾಲೆ ತಂಡ, ಕ್ಲಬ್ ತಂಡ, ಓಣಿ ತಂಡ, ಮೂವರಿಗೂ ಅವನೇ ಬೇಕು. ಒಬ್ಬರಿಗೊಬ್ಬರು ಕೇಳಿಕೊಳ್ಳಲ್ಲ. ಪಾಲಕರೇ, ಒಂದು ನೋಟ್‌ಬುಕ್ ತಂದುಕೊಡಿ. ಅಭ್ಯಾಸದ್ದೂ ಸೇರಿಸಿ ದಿನಾ ಎಷ್ಟು ಚೆಂಡು ಹಾಕಿದ ಅಂತ ಅವನೇ ಬರೆಯಲಿ. ಮುಂದೆ ಡಾಕ್ಟರ್ ಕೇಳಿದಾಗ ತೋರಿಸೋಕೆ ಆಗುತ್ತೆ.

ಆರ್‌ಸಿಬಿ ಹುಡುಗ

ನಮ್ಮ ಟೆನಿಸ್ ಬಾಲ್ ಟೂರ್ನಿಗಳಲ್ಲಿ ನೋವಿನ ಇಂಜೆಕ್ಷನ್ ಹೊಡೆಸಿಕೊಂಡು ಫೈನಲ್ ಆಡ್ತಾರಲ್ಲ, ಅದು ಪರವಾಗಿಲ್ಲವಾ ಅಕ್ಕಾ?

ಸೊಲ್ಲಾಪುರ ರಸ್ತೆ ಫಿಜಿಯೋ

ಪರವಾಗಿಲ್ಲ ಅನ್ನೋ ಹಾಗೇ ಇಲ್ಲ. ನೋವು ಅಂದರೆ ದೇಹ ನಿಲ್ಲು ಅಂತಿದೆ. ಅದರ ಬಾಯಿ ಮುಚ್ಚಿಸಿ ಆಡಿದರೆ ಹರಿದಿದ್ದು ಇನ್ನಷ್ಟು ಹರಿಯುತ್ತೆ, ನಿಮಗೆ ಗೊತ್ತೂ ಆಗಲ್ಲ. ಬಹುಮಾನದ ದುಡ್ಡು ಸ್ಕ್ಯಾನ್‌ಗೂ ಸಾಲಲ್ಲ.

ಬಾಗೇವಾಡಿ ಪಾಲಕ

ನಾಳೆಯೇ ತೋರಿಸುತ್ತೇನೆ ಮೇಡಂ. ಆದರೆ ಟೂರ್ನಿಗೆ ಹೆಸರು ಕೊಟ್ಟಾಗಿದೆ. ಅವರ ಕ್ಯಾಪ್ಟನ್ ದಿನಾ ಮನೆಗೆ ಬರುತ್ತಿದ್ದಾನೆ. ನಾನು ಬೇಡ ಅಂದರೆ ಮಗ ಊಟ ಬಿಡುತ್ತಾನೆ.

ಮ್ಯಾಟಿಂಗ್ ಕಾಕಾ

ಕ್ಯಾಪ್ಟನ್ ಯಾರು ಅಂತ ನನಗೆ ಖಾಸಗಿಯಾಗಿ ಬರೆಯಿರಿ. ನಾನು ಮಾತಾಡುತ್ತೇನೆ. ಆ ಕಡೆ ಆಡುವ ಹುಡುಗರಲ್ಲಿ ಅರ್ಧ ಜನರ ಅಪ್ಪಂದಿರಿಗೆ ನಾನೇ ಬೌಲಿಂಗ್ ಕಲಿಸಿದ್ದು.

ಆರ್‌ಸಿಬಿ ಹುಡುಗ

ಕಾಕಾ, ಹಾಗಿದ್ದರೆ ಆ ಹುಡುಗನ ಜಾಗಕ್ಕೆ ನಾನು ಬರಲಾ? ಮೊಣಕಾಲು ಸ್ವಲ್ಪ ಹಿಡಿಯುತ್ತೆ, ಟೇಪ್ ಸುತ್ತಿಕೊಂಡರೆ ನಡೆಯುತ್ತೆ.

ಮ್ಯಾಟಿಂಗ್ ಕಾಕಾ

ನೀನು ಬಾ. ಪೆನ್ನು ತಗೊಂಡು ಬಾ, ಸ್ಕೋರ್ ಬರೆಯೋಕೆ.